ತಮ್ಮ ನೋಡುತ್ತಿದ್ದಾನೆ: ‘ಲೈಫ್ ಈಸ್ ಸ್ಟ್ರೇಂಜ್ 2’ ಆಡಿದ ಮೇಲೆ

ವಿಡಿಯೊ ಗೇಮ್ ಅಂದರೆ ಸಾಮಾನ್ಯವಾಗಿ ಶಕ್ತಿಯೆಲ್ಲ ಆಡುವವರ ಕೈಯಲ್ಲೇ ಇರುತ್ತದೆ. ಓಡು ಅಂದರೆ ಓಡುತ್ತದೆ, ಹಾರು ಅಂದರೆ ಹಾರುತ್ತದೆ, ಗುಂಡಿ ಒತ್ತಿದರೆ ಬಂದೂಕು ಸಿಡಿಯುತ್ತದೆ. ‘ಲೈಫ್ ಈಸ್ ಸ್ಟ್ರೇಂಜ್ 2’ ಎಂಬ ಆಟದಲ್ಲಿ ಹಾಗಿಲ್ಲ. ಇಲ್ಲಿ ಮುಟ್ಟದೆಯೇ ವಸ್ತುಗಳನ್ನು ಎತ್ತುವ, ಎಸೆಯುವ, ಪುಡಿ ಮಾಡುವ ಶಕ್ತಿ ಇರುವುದು 9 ವರ್ಷದ ಡ್ಯಾನಿಯಲ್ ಎಂಬ ಹುಡುಗನಿಗೆ. ನಾವು ಆಡುವುದು ಅವನ ಅಣ್ಣನಾಗಿ, 16 ವರ್ಷದ ಶಾನ್ ಆಗಿ. ಶಾನ್‌ಗೆ ಯಾವ ಶಕ್ತಿಯೂ ಇಲ್ಲ. ಬೆನ್ನಿಗೊಂದು ಬ್ಯಾಗು, ಚಿತ್ರ ಬರೆಯುವ ಒಂದು ಪುಸ್ತಕ, ಜೇಬಿನಲ್ಲಿ ಸ್ವಲ್ಪ ದುಡ್ಡು. ಪಕ್ಕದಲ್ಲಿ, ಅಣ್ಣ ಮಾಡುವುದನ್ನೆಲ್ಲ ನೋಡುತ್ತಾ ನಡೆಯುವ ತಮ್ಮ.

ಈ ‘ನೋಡುವುದು’ ಅನ್ನುವುದೇ ಆಟದ ಜೀವಾಳ. ಶಾನ್ ಒಂದು ಸುಳ್ಳು ಹೇಳಿದರೆ ತಮ್ಮ ಅದನ್ನು ಗಂಟು ಕಟ್ಟಿಟ್ಟುಕೊಳ್ಳುತ್ತಾನೆ. ಒಂದು ಒಳ್ಳೆಯ ಕೆಲಸ ಮಾಡಿದರೂ ಅಷ್ಟೇ. ಕೊನೆಗೆ ಕಥೆ ಎಲ್ಲಿಗೆ ಮುಟ್ಟುತ್ತದೆ ಎಂಬುದು ನಮ್ಮ ಬೆರಳಿನ ಚುರುಕಿನ ಮೇಲೆ ನಿಂತಿಲ್ಲ, ಆ ಹುಡುಗ ನಮ್ಮಿಂದ ಏನು ಕಲಿತ ಎಂಬುದರ ಮೇಲೆ ನಿಂತಿದೆ.

ನಾನು ಹೈದರಾಬಾದಿನಲ್ಲಿ ಶಾಲಾ ಶಿಕ್ಷಕಿ. ನಮ್ಮ ಮೂಲ ಕಲಬುರಗಿ ಕಡೆಯದು; ಮನೆಯಲ್ಲಿ ದಖನಿ, ಓದು ಬರಹ ಉರ್ದು ಮತ್ತು ಕನ್ನಡ ಎರಡರಲ್ಲೂ. ಬಿ.ಎಡ್. ಓದುವಾಗ ಆಲ್ಬರ್ಟ್ ಬಂಡೂರ ಅವರ 1961ರ ಗೊಂಬೆ ಪ್ರಯೋಗದ ಬಗ್ಗೆ ನಾವೆಲ್ಲ ಟಿಪ್ಪಣಿ ಬರೆದವರೇ. ದೊಡ್ಡವರು ಗೊಂಬೆಗೆ ಹೊಡೆಯುವುದನ್ನು ಕಂಡ ಮಕ್ಕಳು ತಾವೂ ಹಾಗೇ ಹೊಡೆದರು, ಹೊಡೆಯುವಾಗ ಅವರು ಆಡಿದ ಮಾತನ್ನೂ ಹಾಗೇ ಆಡಿದರು. ಪರೀಕ್ಷೆಯಲ್ಲಿ ಇದು ಐದು ಅಂಕದ ಪ್ರಶ್ನೆ. ಈ ಆಟ ಆ ಐದು ಅಂಕದ ಮಾತನ್ನೇ ಹಿಡಿದು ಹೊರಡುತ್ತದೆ, ಆದರೆ ಅಲ್ಲಿಗೆ ನಿಲ್ಲುವುದಿಲ್ಲ. ಮಗು ನಮ್ಮನ್ನು ನೋಡಿ ಕಲಿಯುತ್ತದೆ, ಸರಿ. ನಿಜವಾಗಿ ಕಲಿತ ಮೇಲೆ ಅದು ನಮ್ಮ ಮಾತನ್ನು ಮೀರಿ ನಡೆದರೆ ಆಗೇನು ಮಾಡುತ್ತೀರಿ ಎಂದು ಕೇಳುತ್ತದೆ. ಈ ಎರಡನೆಯ ಪ್ರಶ್ನೆಗಾಗಿಯೇ ಇದರ ಬಗ್ಗೆ ಬರೆಯಬೇಕು ಅನ್ನಿಸಿತು.

ಆಟವನ್ನು ಮಾಡಿದ್ದು ಪ್ಯಾರಿಸ್‌ನ ಡೋಂಟ್‌ನಾಡ್ ಸ್ಟುಡಿಯೊ, ಹೊರತಂದದ್ದು ಸ್ಕ್ವೇರ್ ಎನಿಕ್ಸ್ ಕಂಪನಿ. ಒಟ್ಟು ಐದು ಕಂತುಗಳು. ಮೊದಲನೆಯದು 2018ರ ಸೆಪ್ಟೆಂಬರ್ 27ರಂದು ಬಂತು, ಐದನೆಯದು 2019ರ ಡಿಸೆಂಬರ್ 3ರಂದು. ರೋಡ್ಸ್, ರೂಲ್ಸ್, ವೇಸ್ಟ್‌ಲ್ಯಾಂಡ್ಸ್, ಫೇತ್, ವುಲ್ವ್ಸ್ ಎಂಬ ಹೆಸರುಗಳೇ ಕಥೆ ಹಿಡಿದ ದಾರಿಯನ್ನು ಹೇಳುತ್ತವೆ: ರಸ್ತೆ, ನಿಯಮ, ಪಾಳುನೆಲ, ನಂಬಿಕೆ, ತೋಳಗಳು. ಬಂದ ಕಾಲದಲ್ಲಿ ಒಂದೊಂದು ಕಂತಿಗೂ ಮೂರೂವರೆ ನಾಲ್ಕು ತಿಂಗಳು ಕಾಯಬೇಕಿತ್ತು. ವಾರಪತ್ರಿಕೆಯ ಧಾರಾವಾಹಿಗೆ ಏಳು ದಿನ ಕಾದು ಅಭ್ಯಾಸವಿರುವ ನಮಗೆ ಇದು ದೊಡ್ಡ ಕಾಯುವಿಕೆಯೇ. ಅದರ ಮೇಲೆ ಪ್ರತಿ ಕಂತಿನಲ್ಲೂ ಊರು ಬೇರೆ, ಜನ ಬೇರೆ. ಹಿಂದಿನ ಕಂತಿನಲ್ಲಿ ಹತ್ತಿರವಾದವರು ಮುಂದಿನದರಲ್ಲಿ ಬಹುತೇಕ ಕಾಣುವುದೇ ಇಲ್ಲ. ಇವತ್ತು ಐದೂ ಒಟ್ಟಿಗೆ ಸಿಗುವುದರಿಂದ ಆ ಕಷ್ಟ ಇಲ್ಲ.

ಆದರೂ ಕಂತಿನ ರೂಪ ಈ ಕಥೆಗೆ ಒಗ್ಗಿದೆ. ಎರಡನೆಯ ಕಂತಿನಿಂದ ಮುಂದೆ, ಪ್ರತಿ ಕಂತಿನ ಮೊದಲಿಗೆ ಶಾನ್‌ನ ಚಿತ್ರಗಳೊಡನೆ ಎರಡು ತೋಳಮರಿಗಳ ಕಥೆ ಬರುತ್ತದೆ. ಹಿಂದೆ ಏನಾಯಿತು ಎಂಬುದನ್ನು ಅಣ್ಣ ತಮ್ಮನಿಗೆ ಮಲಗುವ ಹೊತ್ತಿನ ಕಥೆಯ ಹಾಗೆ ಹೇಳುತ್ತಾನೆ. ನಡೆದ ಭಯಂಕರ ಘಟನೆಗಳನ್ನು ಮಗು ತಾಳಿಕೊಳ್ಳುವ ಹಾಗೆ ಮಾಡಿ ಹೇಳುವ ಈ ರೀತಿ ನಮ್ಮ ಮನೆಗಳ ನಾನಿ, ದಾದಿಯರಿಗೆ ಹೊಸದಲ್ಲ.

ಕಥೆಯ ಮೂಲ ಹೀಗಿದೆ. 2016ರ ಅಕ್ಟೋಬರ್ ಕೊನೆ, ಅಮೆರಿಕದ ಸಿಯಾಟಲ್ ನಗರ. ಅಪ್ಪ ಎಸ್ತೆಬಾನ್ ಮೆಕ್ಸಿಕೋದಿಂದ ಬಂದು ನೆಲೆಸಿದ ಮೆಕ್ಯಾನಿಕ್, ಮನೆಯಲ್ಲೇ ಗ್ಯಾರೇಜು. ಅಮ್ಮ ಅಮೆರಿಕದವಳು, ವರ್ಷಗಳ ಹಿಂದೆಯೇ ಮನೆ ಬಿಟ್ಟು ಹೋಗಿದ್ದಾಳೆ. ಮಕ್ಕಳಿಬ್ಬರೂ ಅಮೆರಿಕದಲ್ಲೇ ಹುಟ್ಟಿದವರು. ಹ್ಯಾಲೊವೀನ್ ಹಬ್ಬದ ವೇಷಕ್ಕೆಂದು ಡ್ಯಾನಿಯಲ್ ನಕಲಿ ರಕ್ತ ತಯಾರಿಸಿಕೊಂಡು ಆಡುತ್ತಿರುವಾಗ ಅದು ಪಕ್ಕದ ಮನೆಯ ಹುಡುಗನ ಮೇಲೆ ಚೆಲ್ಲುತ್ತದೆ. ಅವನು ಜಗಳಕ್ಕೆ ನಿಲ್ಲುತ್ತಾನೆ, ಶಾನ್ ತಮ್ಮನನ್ನು ಬಿಡಿಸಲು ಹೋಗುತ್ತಾನೆ, ನೂಕಾಟದಲ್ಲಿ ಆ ಹುಡುಗ ಬಿದ್ದು ಪೆಟ್ಟಾಗುತ್ತದೆ. ಅದೇ ಹೊತ್ತಿಗೆ ಪೊಲೀಸ್ ಕಾರು ಬಂದು ನಿಲ್ಲುತ್ತದೆ. ಸಮಾಧಾನ ಹೇಳಲು ಹೊರಬಂದ ಅಪ್ಪನ ಎದೆಗೆ ಗುಂಡು ಬೀಳುತ್ತದೆ. ಅದನ್ನು ಕಂಡು ಡ್ಯಾನಿಯಲ್ ಚೀರಿದ ಕ್ಷಣ ಅವನೊಳಗಿನ ಶಕ್ತಿ ಸಿಡಿದು ಬೀದಿಯೇ ಅಸ್ತವ್ಯಸ್ತವಾಗುತ್ತದೆ, ಪೊಲೀಸನೂ ಬೀಳುತ್ತಾನೆ. ಶಾನ್ ತಮ್ಮನನ್ನು ಎತ್ತಿಕೊಂಡು ಓಡುತ್ತಾನೆ. ಗುರಿ ಒಂದೇ: ಅಪ್ಪನ ಊರು, ಮೆಕ್ಸಿಕೋದ ಪುಯೆರ್ತೊ ಲೋಬೋಸ್. ಸ್ಪ್ಯಾನಿಷ್‌ನಲ್ಲಿ ಲೋಬೋಸ್ ಅಂದರೆ ತೋಳಗಳು.

ಇದೇ ಸರಣಿಯ ಮೊದಲ ಆಟ 2015ರಲ್ಲಿ ಬಂದಿತ್ತು. ಅದರ ನಾಯಕಿ ಮ್ಯಾಕ್ಸ್ ಕಾಲವನ್ನೇ ಹಿಂದಕ್ಕೆ ತಿರುಗಿಸಬಲ್ಲವಳು. ತಪ್ಪು ಮಾತಾಡಿದೆಯಾ? ಹಿಂದೆ ಹೋಗು, ಬೇರೆ ಮಾತಾಡು. ಬಹಳ ಆಟಗಾರರು ಎರಡನೆಯದರಲ್ಲೂ ಅದನ್ನೇ ಬಯಸಿ ಬಂದರು, ಸಿಗಲಿಲ್ಲವೆಂದು ಮುನಿಸಿಕೊಂಡರು. ನನಗನ್ನಿಸುವುದು, ಎರಡನೆಯ ಆಟ ದೊಡ್ಡದಾಗುವುದು ಇಲ್ಲೇ. ಮಗುವಿನ ಎದುರು ಆಡಿದ ಮಾತನ್ನು ವಾಪಸು ತೆಗೆದುಕೊಳ್ಳಲು ಯಾವ ಗುಂಡಿಯೂ ಇಲ್ಲ. ಮನೆಯಲ್ಲೂ ಇಲ್ಲ, ಕ್ಲಾಸ್‌ರೂಮಿನಲ್ಲೂ ಇಲ್ಲ.

ಮೊದಲ ಕಂತಿನ ಪೆಟ್ರೋಲ್ ಬಂಕ್ ದೃಶ್ಯವನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಕಾಡಿನಲ್ಲಿ ರಾತ್ರಿ ಕಳೆದ ಮಕ್ಕಳು ಹಸಿದು ಅಲ್ಲಿಗೆ ಬರುತ್ತಾರೆ. ಒಳಗೆ ಸಣ್ಣ ಅಂಗಡಿ. ಇರುವ ದುಡ್ಡಿನಲ್ಲಿ ಸ್ವಲ್ಪ ತಿನಿಸು ಕೊಳ್ಳಬಹುದು. ಹೊರಗೆ ಕೂತು ಉಣ್ಣುತ್ತಿರುವವರ ಬಳಿ ಕೈಚಾಚಬಹುದು. ಯಾರೂ ನೋಡದಾಗ ಕದಿಯಲೂಬಹುದು. ಯಾರೂ ನೋಡದಾಗ ಅಂದೆನಲ್ಲ, ತಮ್ಮನೊಬ್ಬ ನೋಡುತ್ತಲೇ ಇರುತ್ತಾನೆ. ಎಷ್ಟೋ ಆಟಗಳಲ್ಲಿ ಕದಿಯುವುದು ಒಂದು ಜಾಣತನ. ಇಲ್ಲಿ ಅದು ಒಂದು ಪಾಠ, ಏಕೆಂದರೆ ವಿದ್ಯಾರ್ಥಿ ಎದುರಿಗಿದ್ದಾನೆ.

ಆಮೇಲೆ ಆಗುವುದೇನು? ನೀವು ಪೈಸೆ ಪೈಸೆ ಎಣಿಸಿ ಕೊಟ್ಟಿದ್ದರೂ ಅಂಗಡಿ ಮಾಲೀಕ ಶಾನ್‌ನ ಮೇಲೆ ಕೈ ಮಾಡುತ್ತಾನೆ, ಹೊಡೆದು ಒಳಗೆ ಕಟ್ಟಿ ಹಾಕುತ್ತಾನೆ. ಕದ್ದಿದ್ದರೂ ಅದೇ, ಕದಿಯದಿದ್ದರೂ ಅದೇ. ಅವನ ಕಣ್ಣಿಗೆ ಈ ಮುಖ ಕಂಡಾಗಲೇ ತೀರ್ಪು ಆಗಿಬಿಟ್ಟಿದೆ. ಎಂಥ ಕಟು ಸತ್ಯ ಇದು! ಪ್ರಾಮಾಣಿಕವಾಗಿ ಇದ್ದರೆ ಜನ ಗೌರವಿಸುತ್ತಾರೆ ಅಂತ ನಾವು ಮಕ್ಕಳಿಗೆ ಹೇಳುತ್ತೇವೆ. ಈ ದೃಶ್ಯ ಆ ಮಾತಿನ ಕಾಲು ಮುರಿಯುತ್ತದೆ. ಪ್ರಾಮಾಣಿಕತೆ ಶಾನ್‌ನನ್ನು ಕಾಪಾಡುವುದಿಲ್ಲ. ಹಾಗಾದರೆ ಯಾಕೆ ಪ್ರಾಮಾಣಿಕನಾಗಿರಬೇಕು? ಆಟ ಕೊಡುವ ಉತ್ತರ ಒಂದೇ. ತಮ್ಮ ಏನಾಗಿ ಬೆಳೆಯುತ್ತಾನೆ ಎಂಬುದು ಅಂಗಡಿಯವನ ತೀರ್ಪಿನಿಂದ ಆಗುವುದಿಲ್ಲ, ನಿನ್ನಿಂದ ಆಗುತ್ತದೆ. ನಮ್ಮ ಹಿರಿಯರು ತರಬಿಯತ್ ಅನ್ನುತ್ತಾರಲ್ಲ, ಅದು ಹೊರಗಿನವರ ಸರ್ಟಿಫಿಕೇಟಿಗಾಗಿ ಮಾಡುವ ಕೆಲಸವಲ್ಲ. ಆಟ ಈ ಮಾತನ್ನು ಬಾಯಿಬಿಟ್ಟು ಎಲ್ಲೂ ಹೇಳುವುದಿಲ್ಲ. ದೃಶ್ಯ ತಾನೇ ಹೇಳುತ್ತದೆ.

ಶಾನ್ ಸ್ವತಃ ಶುದ್ಧನೇನಲ್ಲ. ಅಪ್ಪ ಸತ್ತ ಸಂಗತಿಯನ್ನೇ ತಮ್ಮನಿಂದ ಮುಚ್ಚಿಡುತ್ತಾನೆ. ಬೀದಿಯಲ್ಲಿ ನಡೆದದ್ದು ಡ್ಯಾನಿಯಲ್‌ಗೆ ನೆನಪಿಲ್ಲ. ಹೆದರಿದ ಮಗುವಿಗೆ ಯಾವ ಬಾಯಲ್ಲಿ ಹೇಳುವುದು? ಅಣ್ಣನ ಕಷ್ಟ ಅರ್ಥವಾಗುತ್ತದೆ. ಆದರೆ ಒಂದು ಮೋಟೆಲಿನ ಕೋಣೆಯಲ್ಲಿ ಟಿ.ವಿ. ಸುದ್ದಿಯಲ್ಲಿ ಡ್ಯಾನಿಯಲ್ ತಾನೇ ಅದನ್ನು ನೋಡಿಬಿಡುತ್ತಾನೆ. ಕೋಣೆಯ ಸಾಮಾನೆಲ್ಲ ಗಾಳಿಯಲ್ಲಿ ಏಳುತ್ತದೆ. ಪ್ರೀತಿಯಿಂದ ಹೇಳಿದ ಸುಳ್ಳೂ ಸುಳ್ಳೇ, ಅದು ಬೇರೆಯವರ ಬಾಯಿಂದ ಒಡೆದಾಗ ಮಗುವಿಗೆ ಎರಡು ನಷ್ಟ: ಅಪ್ಪನೂ ಹೋದ, ಅಣ್ಣನ ಮೇಲಿನ ಭರವಸೆಯೂ ಹೋಯಿತು. ಮನೆಯಲ್ಲಿ ಸಾವು, ಸಾಲ, ಕೋರ್ಟು ಕಚೇರಿಯ ವಿಷಯ ಬಂದಾಗ ಮಕ್ಕಳನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಳ್ಳುವ ನಾವೆಲ್ಲ ಈ ದೃಶ್ಯದಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು.

ಎರಡನೆಯ ಕಂತಿನ ಹೆಸರೇ ‘ನಿಯಮ’. ಒರೆಗಾನ್ ರಾಜ್ಯದ ಹಿಮ ಬಿದ್ದ ಕಾಡಿನಲ್ಲಿ, ಖಾಲಿ ಬಿದ್ದ ಮರದ ಮನೆಯೊಂದರಲ್ಲಿ ಅಣ್ಣ ತಮ್ಮನಿಗೆ ಶಕ್ತಿ ಹಿಡಿತದಲ್ಲಿಡುವುದನ್ನು ಕಲಿಸುತ್ತಾನೆ. ಜೊತೆಗೆ ನಿಯಮಗಳನ್ನು ಬಾಯಿಪಾಠ ಮಾಡಿಸುತ್ತಾನೆ. ಶಕ್ತಿಯನ್ನು ಯಾರಿಗೂ ತೋರಿಸಬೇಡ. ಯಾರ ಹತ್ತಿರವೂ ಅದರ ಮಾತು ಎತ್ತಬೇಡ. ಅಪಾಯ ಕಂಡರೆ ಓಡು. ಇದನ್ನು ಕೇಳುವಾಗ ನನಗೆ ನಮ್ಮ ಮನೆಗಳಲ್ಲಿ ಮಕ್ಕಳು ಹೊರಗೆ ಹೊರಟಾಗ ಬಾಗಿಲಲ್ಲಿ ನಿಂತು ಹೇಳುವ ಮಾತುಗಳು ಕಿವಿಗೆ ಬಿದ್ದವು. ಐಡಿ ಕಾರ್ಡ್ ಜೇಬಲ್ಲಿ ಇಟ್ಕೋ. ಎಲ್ಲಾದರೂ ಗಲಾಟೆ ಕಂಡರೆ ನಿಲ್ಲಬೇಡ, ಮೊಬೈಲ್ ಹಿಡಿದು ವಿಡಿಯೊ ಮಾಡಬೇಡ. ಬಸ್ಸಲ್ಲಿ, ರೈಲಲ್ಲಿ ಫೋನಿನಲ್ಲಿ ಜೋರಾಗಿ ಮಾತಾಡಬೇಡ. ಇವು ಬೇಕಾದ ಮಾತುಗಳೇ. ಆದರೆ ಇವು ಭಯ ಕಲಿಸಿದ ಪಾಠಗಳು. ಬದುಕಿ ಉಳಿಯುವ ಪಾಠ ಬೇರೆ, ಮನುಷ್ಯನಾಗಿ ಉಳಿಯುವ ಪಾಠ ಬೇರೆ. ಎರಡನ್ನೂ ಒಂದೇ ಬಾಯಿಂದ ಹೇಳುವಾಗ ಮಗುವಿಗೆ ಯಾವುದು ಯಾವುದೆಂದು ತಿಳಿಯುವುದು ಹೇಗೆ?

ಈ ಕಂತು ಆ ಎರಡು ಪಾಠಗಳನ್ನು ಎದುರುಬದುರು ನಿಲ್ಲಿಸುತ್ತದೆ. ದಾರಿಯಲ್ಲಿ ಜೊತೆಯಾದ ಮಶ್ರೂಮ್ ಎಂಬ ನಾಯಿಮರಿಯನ್ನು ಪ್ಯೂಮಾ ಎಂಬ ಕಾಡುಬೆಕ್ಕು ಕೊಲ್ಲುತ್ತದೆ. ಸಿಟ್ಟಿಗೆದ್ದ ಡ್ಯಾನಿಯಲ್ ಆ ಪ್ರಾಣಿಯನ್ನು ಗಾಳಿಯಲ್ಲಿ ಎತ್ತಿ ಹಿಡಿಯುತ್ತಾನೆ. ಕೊಲ್ಲು ಅನ್ನಬೇಕೋ ಬಿಡು ಅನ್ನಬೇಕೋ, ಅಣ್ಣ ಹೇಳಬೇಕು. ಅಲ್ಲಿ ಸುತ್ತ ಯಾರೂ ಇಲ್ಲ, ಹಿಡಿದು ಕೇಳುವವರಿಲ್ಲ. ಅವಿತಿರು ಎಂಬ ನಿಯಮಕ್ಕೆ ಇಲ್ಲಿ ಕೆಲಸವೇ ಇಲ್ಲ. ಕೈಯಲ್ಲಿ ಶಕ್ತಿ ಇದ್ದಾಗ, ಸಿಟ್ಟಿಗೆ ನ್ಯಾಯವಾದ ಕಾರಣವೂ ಇದ್ದಾಗ ಏನು ಮಾಡಬೇಕು ಎಂಬುದಷ್ಟೇ ಪ್ರಶ್ನೆ.

ಮುಂದೆ ಮಕ್ಕಳು ಅಮ್ಮನ ತಂದೆತಾಯಿ, ಸ್ಟೀಫನ್ ಮತ್ತು ಕ್ಲೇರ್ ಅವರ ಮನೆ ಸೇರುತ್ತಾರೆ. ಅಜ್ಜಿ ದೈವಭಕ್ತೆ, ಮನೆಗೆ ಅವಳದೇ ಕಟ್ಟುನಿಟ್ಟು, ಮಗಳ ಕೋಣೆಯ ಬಾಗಿಲು ತೆರೆಯಕೂಡದು ಎಂಬ ಒಂದು ಕಟ್ಟಪ್ಪಣೆಯೂ ಇದೆ. ಒಂದು ದಿನ ಅಜ್ಜನ ಮೇಲೆ ಭಾರವಾದ ಬೀರು ಬಿದ್ದು ಅವರು ಅದರಡಿ ಸಿಕ್ಕಿಕೊಳ್ಳುತ್ತಾರೆ. ಡ್ಯಾನಿಯಲ್ ಶಕ್ತಿ ಬಳಸಿದರೆ ಕ್ಷಣದಲ್ಲಿ ಎತ್ತಬಹುದು, ಆದರೆ ಅಜ್ಜನಿಗೆ ಗುಟ್ಟು ತಿಳಿದುಹೋಗುತ್ತದೆ. ಭಯದ ಪಾಠ ‘ಮುಚ್ಚಿಡು’ ಅನ್ನುತ್ತದೆ, ಮನುಷ್ಯತ್ವದ ಪಾಠ ‘ಎತ್ತು’ ಅನ್ನುತ್ತದೆ. ಇಡೀ ಆಟದಲ್ಲಿ ನನಗೆ ಅತಿ ಮುಖ್ಯವೆನಿಸಿದ ದೃಶ್ಯ ಇದು. ಇಲ್ಲಿ ಗುಂಡಿಲ್ಲ, ಬೆಂಕಿಯಿಲ್ಲ, ಒಬ್ಬ ಮುದುಕ ಮತ್ತು ಒಂದು ಬೀರು, ಅಷ್ಟೇ. ನಿನ್ನನ್ನು ಕಾಪಾಡಿಕೊಳ್ಳಲು ನಾನೇ ಕೊಟ್ಟ ನಿಯಮವನ್ನು ಇನ್ನೊಬ್ಬರಿಗಾಗಿ ಮುರಿ ಎಂದು ಹೇಳುವ ಧೈರ್ಯ ಅಣ್ಣನಿಗೆ ಇದೆಯೇ ಎಂದು ಆಟ ಇಲ್ಲಿ ಪರೀಕ್ಷೆ ಮಾಡುತ್ತದೆ.

ಭಾಷೆಯ ಬಗ್ಗೆಯೂ ಒಂದು ಮಾತು ಹೇಳಬೇಕು. ಶಾನ್ ತಮ್ಮನನ್ನು ‘ಎನಾನೊ’ ಎಂದು ಕರೆಯುತ್ತಾನೆ. ಸ್ಪ್ಯಾನಿಷ್‌ನಲ್ಲಿ ಗಿಡ್ಡ ಅಂತ ಅರ್ಥ, ನಮ್ಮಲ್ಲಿ ‘ಛೋಟೂ’ ಅಂದ ಹಾಗೆ. ಅಪ್ಪ ಇದ್ದಾಗ ಮನೆಯ ಮಾತಿನಲ್ಲಿ ಸ್ಪ್ಯಾನಿಷ್ ಚೂರುಗಳು ಬೆರೆತಿರುತ್ತಿದ್ದವು. ಈಗ ಆ ಭಾಷೆ ಅಣ್ಣನ ಬಾಯಲ್ಲಿ ಅಷ್ಟಿಷ್ಟು, ತಮ್ಮನ ಬಾಯಲ್ಲಿ ಇನ್ನೂ ಕಡಿಮೆ. ಸರಿಯಾಗಿ ಮಾತಾಡಲು ಬಾರದ ಭಾಷೆಯ ದೇಶಕ್ಕೆ, ಎಂದೂ ಕಾಣದ ಊರಿಗೆ, ಅದನ್ನೇ ನಮ್ಮ ಮನೆ ಎಂದುಕೊಂಡು ಹೊರಟಿದ್ದಾರೆ ಇವರು. ನಾಲ್ಕನೆಯ ಕಂತಿನಲ್ಲಿ ನೆವಾಡಾದ ಮರುಭೂಮಿಯಲ್ಲಿ ಇಬ್ಬರು ಶಾನ್‌ನನ್ನು ಅಡ್ಡಗಟ್ಟಿ ಅದೇ ಸ್ಪ್ಯಾನಿಷ್‌ನಲ್ಲಿ ಹಾಡು, ಮಾತಾಡು ಎಂದು ಗೇಲಿ ಮಾಡಿ ಪೀಡಿಸುತ್ತಾರೆ. ಮನೆಯಲ್ಲಿ ಮುದ್ದಿನ ಮಾತಾಗಿದ್ದದ್ದು ಬೀದಿಯಲ್ಲಿ ಅವಮಾನದ ಸಾಧನವಾಗುತ್ತದೆ. ನಮ್ಮಲ್ಲಿ ಮುಂಬೈ, ಪುಣೆ, ಹೈದರಾಬಾದಿನಲ್ಲಿ ಎರಡು ಮೂರು ಭಾಷೆಗಳ ನಡುವೆ ಬೆಳೆಯುವ ಮಕ್ಕಳು, ಯಾವ ಭಾಷೆಯನ್ನು ಎಲ್ಲಿ ಎಷ್ಟು ದನಿಯಲ್ಲಿ ಆಡಬೇಕೆಂದು ಲೆಕ್ಕ ಹಾಕುವ ಮಕ್ಕಳು, ಇದನ್ನು ಯಾರ ವಿವರಣೆಯೂ ಇಲ್ಲದೆ ಅರ್ಥ ಮಾಡಿಕೊಳ್ಳುತ್ತಾರೆ.

ಇನ್ನು ಕೊರತೆಗಳು. ಮೂರನೆಯ ಮತ್ತು ನಾಲ್ಕನೆಯ ಕಂತುಗಳು ಮೊದಲೆರಡರ ಎತ್ತರದಲ್ಲಿ ಇಲ್ಲ. ಮೂರನೆಯದು ಕ್ಯಾಲಿಫೋರ್ನಿಯಾದ ಭಾರೀ ಮರಗಳ ಕಾಡಿನಲ್ಲಿ, ಗಾಂಜಾ ಬೆಳೆಯುವ ಗುಪ್ತ ತೋಟದಲ್ಲಿ ನಡೆಯುತ್ತದೆ. ಹೊಸ ಗೆಳೆಯರ ಗುಂಪು, ಬೆಂಕಿಯ ಸುತ್ತ ಉದ್ದುದ್ದ ಮಾತು, ತಮ್ಮನಿಗೆ ಅಣ್ಣ ಕೈತಪ್ಪುತ್ತಿರುವ ಸಂಕಟ. ವಿಷಯ ಒಳ್ಳೆಯದು, ಆದರೆ ಎಳೆತ ಜಾಸ್ತಿ. ಕೊನೆಗೆ ಸ್ಫೋಟದಲ್ಲಿ ಶಾನ್ ಒಂದು ಕಣ್ಣು ಕಳೆದುಕೊಳ್ಳುತ್ತಾನೆ. ನಾಲ್ಕನೆಯದರಲ್ಲಿ ಲಿಸ್ಬೆತ್ ಎಂಬ ಪಂಥದ ಮುಖ್ಯಸ್ಥೆ ಡ್ಯಾನಿಯಲ್‌ನ ಶಕ್ತಿಯನ್ನು ಪವಾಡವೆಂದು ಭಕ್ತರ ಮುಂದೆ ಪ್ರದರ್ಶಿಸುತ್ತಾಳೆ. ಮಗುವಿನ ಪ್ರತಿಭೆಯನ್ನು ದೊಡ್ಡವರು ತಮ್ಮ ಪೀಠ ಎತ್ತರಿಸಲು ಬಳಸುವುದು ನಿಜವಾದ ಪಿಡುಗು. ಆದರೆ ಲಿಸ್ಬೆತ್ ಎಷ್ಟು ಸಪಾಟಾದ ಖಳನಾಯಕಿ ಎಂದರೆ, ಅವಳ ಮಾತಿಗೆ ಇಷ್ಟೊಂದು ಜನ ಯಾಕೆ ಮರುಳಾದರು ಎಂಬುದೇ ತಿಳಿಯುವುದಿಲ್ಲ. ಪೆಟ್ರೋಲ್ ಬಂಕಿನವನು, ಮರುಭೂಮಿಯವರು ಕೂಡ ಹೀಗೇ, ಮೊದಲ ನೋಟಕ್ಕೇ ಕೆಟ್ಟವರು. ದ್ವೇಷ ಯಾವಾಗಲೂ ಹೀಗೆ ಹಲ್ಲು ಕಿರಿದು ಬರುವುದಿಲ್ಲ. ಬಾಡಿಗೆ ಮನೆ ಕೇಳಲು ಹೋದಾಗ ‘ಈಗಷ್ಟೇ ಬೇರೆಯವರಿಗೆ ಕೊಟ್ಟುಬಿಟ್ವಿ’ ಎಂದು ನಗುನಗುತ್ತಾ ಹೇಳುವ ದ್ವೇಷವೂ ಇದೆ. ಅದನ್ನು ತೋರಿಸುವ ಸೂಕ್ಷ್ಮ ಈ ಬರಹಗಾರರಿಗೆ ಅಪರೂಪಕ್ಕೆ ಮಾತ್ರ ಸಿಕ್ಕಿದೆ.

ಅಪ್ಪ ಅಮ್ಮಂದಿರು ತಿಳಿದಿರಬೇಕಾದ ಇನ್ನೊಂದು ಸಂಗತಿ: ಅಮೆರಿಕದಲ್ಲಿ ಈ ಆಟಕ್ಕೆ 17 ವರ್ಷ ಮತ್ತು ಮೇಲ್ಪಟ್ಟವರಿಗೆ ಎಂಬ ಗುರುತಿದೆ. ಬೈಗುಳ, ಮಾದಕ ವಸ್ತು, ಹಿಂಸೆ, ದೈಹಿಕ ಸಂಬಂಧದ ಪ್ರಸಂಗಗಳು ಇವೆ. ಮಕ್ಕಳ ಕಥೆ ಎಂದ ಮಾತ್ರಕ್ಕೆ ಮಕ್ಕಳ ಆಟವಲ್ಲ. ಹೈಸ್ಕೂಲ್ ಹುಡುಗರಿಗೆ ಕೊಡುವಂಥದ್ದಲ್ಲ, ಕಾಲೇಜು ವಿದ್ಯಾರ್ಥಿಗಳು ಆಡಿ ಮಾತಾಡುವಂಥದ್ದು.

ಈಗ ಐದನೆಯ ಕಂತು ಮತ್ತು ಮುಕ್ತಾಯ. ಕಥೆಯ ಕೊನೆ ಮೊದಲೇ ತಿಳಿಯಬಾರದು ಅನ್ನುವವರು ಇಲ್ಲಿಗೆ ನಿಲ್ಲಿಸಿ ಆಡಿ ಬರಬಹುದು. ಅಣ್ಣತಮ್ಮ ಗಡಿಗೋಡೆಯ ತನಕ ತಲುಪುತ್ತಾರೆ, ಸಿಕ್ಕಿಬೀಳುತ್ತಾರೆ, ಠಾಣೆಯ ಕಂಬಿಗಳ ಹಿಂದೆ ಶಾನ್‌ಗೆ ಒಂದು ಮೆಕ್ಸಿಕನ್ ದಂಪತಿ ಎದುರಾಗುತ್ತದೆ. ಹೆಂಡತಿ ಗರ್ಭಿಣಿ. ಅವರು ಅಮೆರಿಕದೊಳಗೆ ಬರಲು ಪ್ರಾಣ ಒತ್ತೆಯಿಟ್ಟು ಗಡಿ ದಾಟಿದವರು. ಅಮೆರಿಕದಲ್ಲೇ ಹುಟ್ಟಿದ ಈ ಹುಡುಗ ಅಲ್ಲಿಂದ ಹೊರಗೆ ಓಡುತ್ತಿರುವವನು. ಗೋಡೆ ಒಂದೇ. ಕಾಗದಪತ್ರ ಇದ್ದವನಿಗೂ ಇಲ್ಲದವನಿಗೂ ಅದರ ನೆರಳು ಒಂದೇ ಸಮ ಬಿದ್ದಿದೆ. ಆಟ ಇಲ್ಲಿ ಭಾಷಣ ಮಾಡುವುದಿಲ್ಲ, ಅವರ ಪಾಡಿಗೆ ಅವರನ್ನು ಮಾತಾಡಲು ಬಿಡುತ್ತದೆ. ಅದು ಅದರ ಒಳ್ಳೆಯ ಗುಣ.

ಕಡೆಗೆ ಗಡಿಯ ದ್ವಾರ. ಕಾರಿನಲ್ಲಿ ಇಬ್ಬರು, ಮುಂದೆ ಪೊಲೀಸರ ಸಾಲು. ಶಾನ್ ನುಗ್ಗಿ ದಾಟಬೇಕು, ಇಲ್ಲವೇ ಶರಣಾಗಬೇಕು. ಆಯ್ಕೆ ಎರಡು, ಮುಕ್ತಾಯ ಮಾತ್ರ ಮುಖ್ಯವಾಗಿ ನಾಲ್ಕು. ಏಕೆಂದರೆ ಉಳಿದ ಅರ್ಧವನ್ನು ನಿರ್ಧರಿಸುವವನು ಡ್ಯಾನಿಯಲ್. ಇಷ್ಟು ದಿನ ಅಣ್ಣನಿಂದ ಕಲಿತದ್ದೆಲ್ಲ ಆ ಒಂದು ಕ್ಷಣದಲ್ಲಿ ಹೊರಬರುತ್ತದೆ. ಒಳ್ಳೆಯದನ್ನು ಕಲಿಸಿ ಶರಣಾದರೆ ತಮ್ಮ ಮಾತು ಕೇಳುತ್ತಾನೆ. ಶಾನ್ 15 ವರ್ಷ ಜೈಲಿನಲ್ಲಿ ಕಳೆಯುತ್ತಾನೆ, ತಮ್ಮ ಅಜ್ಜ ಅಜ್ಜಿಯ ಹತ್ತಿರ ಬೆಳೆಯುತ್ತಾನೆ. ಕೆಟ್ಟದ್ದನ್ನು ಕಲಿಸಿ ನುಗ್ಗಿದರೆ ಇಬ್ಬರೂ ಅಪ್ಪನ ಊರು ಸೇರುತ್ತಾರೆ, ಆದರೆ ಅಪರಾಧದ ಬದುಕಿಗೆ ಬೀಳುತ್ತಾರೆ. ಕೆಟ್ಟದ್ದನ್ನು ಕಲಿಸಿ ಶರಣಾಗಲು ಹೋದರೆ ತಮ್ಮ ಒಪ್ಪುವುದಿಲ್ಲ. ಗುಂಡಿನ ಮಳೆಯಲ್ಲಿ ಶಾನ್ ಸಾಯುತ್ತಾನೆ, ಡ್ಯಾನಿಯಲ್ ಒಬ್ಬನೇ ಗಡಿ ದಾಟುತ್ತಾನೆ. ನಾಲ್ಕನೆಯದು ಇದು: ಒಳ್ಳೆಯದನ್ನು ಕಲಿಸಿ, ಕೊನೆಗೆ ನುಗ್ಗಲು ಹೊರಟರೆ, ತಮ್ಮ ಚಲಿಸುವ ಕಾರಿನಿಂದ ಹೊರಗೆ ಹಾರುತ್ತಾನೆ. ಅಣ್ಣ ಆ ಕಡೆ, ತಮ್ಮ ಈ ಕಡೆ.

ನನ್ನ ಅಕ್ಕನ ಮಕ್ಕಳಿಬ್ಬರು, ಡಿಗ್ರಿ ಓದುವವರು, ಇದನ್ನು ಬೇರೆ ಬೇರೆಯಾಗಿ ಆಡಿದರು. ಹುಡುಗನಿಗೆ ಸಿಕ್ಕಿದ್ದು ಈ ನಾಲ್ಕನೆಯ ಮುಕ್ತಾಯ. ಅವನಿಗೆ ತಡೆಯಲಾಗದ ಸಿಟ್ಟು. “ಖಾಲಾ, ನಾ ಅವಂಗ ಒಂದ್ ಸಲಾನೂ ಕದಿಯಾಕ ಬಿಡಲಿಲ್ಲ, ಯಾರನ್ನೂ ಕೊಲ್ಲಾಕ ಬಿಡಲಿಲ್ಲ. ಕಡೀಕ ನನ್ನನ್ನs ಬಿಟ್ಟು ಹೋದ. ಇದ್ಯಾವ ಇನ್ಸಾಫ್?” ಅಂದ. ಅವನ ಅಕ್ಕ ತಲೆ ಎತ್ತದೆಯೇ ಹೇಳಿದಳು: “ನಿನ್ ಮಾತು ಕೇಳಿದ್ದಕ್ಕs ಹೋಗ್ಯಾನ.” ಅವಳಿಗೆ ಮೊದಲನೆಯ ಮುಕ್ತಾಯ ಬಂದಿತ್ತು. ಅದೇ ಒಳ್ಳೆಯ ಮುಕ್ತಾಯ ಎಂದು ತಮ್ಮ ವಾದಿಸಿದಾಗ ಅವಳೂ ಬಿಡಲಿಲ್ಲ. “ಹದಿನೈದು ವರ್ಷ ಜೈಲು. ಅಪ್ಪನ್ನ ಕಳಕೊಂಡಾವ ಇವನs, ಜೈಲಿಗೆ ಹೋದಾವನೂ ಇವನs. ಇದರಾಗ ಒಳ್ಳೇದೇನೈತಿ?”

ಇಬ್ಬರೂ ಸರಿಯಾದ ಜಾಗಕ್ಕೇ ಕೈ ಇಟ್ಟಿದ್ದಾರೆ. ಹುಡುಗಿಯ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳುವೆ. ನಾಲ್ಕು ಮುಕ್ತಾಯಗಳಲ್ಲಿ ಒಂದರಲ್ಲೂ ಎಸ್ತೆಬಾನ್‌ನ ಸಾವಿಗೆ ನ್ಯಾಯ ಸಿಗುವುದಿಲ್ಲ. ಆಟದ ಲೆಕ್ಕವೆಲ್ಲ ಮಕ್ಕಳ ನಡತೆಯ ಮೇಲೆ. ಗುಂಡು ಹೊಡೆದ ವ್ಯವಸ್ಥೆಯ ನಡತೆಗೆ ಲೆಕ್ಕವಿಲ್ಲ. ಹಸಿದ ಮಗು ಒಂದು ಪೊಟ್ಟಣ ಎತ್ತಿಕೊಂಡರೆ ಅದು ಗುಟ್ಟಾಗಿ ದಾಖಲಾಗುತ್ತದೆ. ಆ ಮಗುವನ್ನು ಹಸಿವಿಗೆ ನೂಕಿದವರ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ. ಅನ್ಯಾಯಕ್ಕೆ ಒಳಗಾದವನೇ ತಾನು ಒಳ್ಳೆಯವನೆಂದು ಸಾಬೀತು ಮಾಡುತ್ತಾ ಇರಬೇಕು, ಒಂದು ತಪ್ಪು ಹೆಜ್ಜೆ ಇಟ್ಟರೂ ‘ನೋಡಿ, ನಾವು ಹೇಳಲಿಲ್ವಾ’ ಅನ್ನಿಸಿಕೊಳ್ಳಬೇಕು. ಲೋಕದಲ್ಲಿ ನಡೆಯುವುದು ಹೀಗೇ. ಅದನ್ನು ತೋರಿಸುವುದು ಆಟದ ಧರ್ಮ, ಆದರೆ ತನ್ನ ಅಂಕಗಣಿತವನ್ನೂ ಅದೇ ರೀತಿ ಕಟ್ಟಿಕೊಂಡದ್ದು ಅದರ ದೋಷ. ಈ ದೋಷವನ್ನು ಮುಚ್ಚಿಟ್ಟು ಆಟವನ್ನು ಹೊಗಳಲಾಗದು.

ಹುಡುಗನ ಸಿಟ್ಟಿಗೆ ಮಾತ್ರ ಆಟದಲ್ಲೇ ಉತ್ತರವಿದೆ, ಮತ್ತು ಆ ಉತ್ತರ ದೊಡ್ಡದು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂಬ ಗಾದೆಯನ್ನು ನಾವು ಮಾತುಮಾತಿಗೂ ಹೇಳುತ್ತೇವೆ. ಆ ಗಾದೆಯ ಆಸೆ ಬಗ್ಗಿಸುವುದು. ಮಾತು ಕೇಳುವ ಮಗುವೇ ಒಳ್ಳೆಯ ಮಗು, ಎದುರು ಮಾತಾಡದ ವಿದ್ಯಾರ್ಥಿಯೇ ಒಳ್ಳೆಯ ವಿದ್ಯಾರ್ಥಿ ಎಂಬುದು ನಮ್ಮ ಶಾಲೆ, ಮನೆ, ಮದರಸಾ ಎಲ್ಲ ಕಡೆಯ ನಂಬಿಕೆ. ಆದರೆ ಈ ಆಟದಲ್ಲಿ ಕೆಟ್ಟದ್ದು ಕಲಿತ ಡ್ಯಾನಿಯಲ್ ಕೂಡ ಅಣ್ಣ ನುಗ್ಗೋಣ ಅಂದಾಗ ಮಾತು ಕೇಳುತ್ತಾನೆ. ಅಂದರೆ ವಿಧೇಯತೆಯೊಂದೇ ಶೀಲಕ್ಕೆ ಸಾಕ್ಷಿಯಲ್ಲ. ಒಳ್ಳೆಯದು ಮೈಗೂಡಿದ ಡ್ಯಾನಿಯಲ್ ಅಣ್ಣನಿಗಿಂತ ಒಂದು ಹೆಜ್ಜೆ ಮುಂದೆ ನಡೆದು, ಇಲ್ಲ, ಇದು ಸರಿಯಲ್ಲ ಅನ್ನುತ್ತಾನೆ. ಬೀರು ಎತ್ತು ಎಂದು ಯಾವ ಅಣ್ಣ ಹೇಳಿದ್ದನೋ, ನಿಯಮಕ್ಕಿಂತ ಮನುಷ್ಯ ದೊಡ್ಡವನೆಂದು ಯಾವ ಅಣ್ಣ ತೋರಿಸಿಕೊಟ್ಟಿದ್ದನೋ, ಆ ಅಣ್ಣನ ಪಾಠವನ್ನೇ ಅಣ್ಣನ ಮಾತಿಗೆ ಎದುರಾಗಿ ನಿಲ್ಲಿಸುತ್ತಾನೆ. ಅವನು ಕಾರಿನಿಂದ ಹಾರಿದಾಗ ಶಾನ್ ಸೋತ ಹಾಗೆ ಕಾಣುತ್ತದೆ. ನಿಜವಾಗಿ ಅವನು ಕಲಿಸಿದ್ದು ಗೆದ್ದಿದೆ, ಅದರ ಬೆಲೆಯನ್ನು ಅವನು ಜೀವಮಾನವಿಡೀ ತಮ್ಮನಿಂದ ದೂರವಿದ್ದು ಕಟ್ಟುತ್ತಾನೆ.

ಪ್ರತಿ ಕಂತು ಮುಗಿದ ಮೇಲೆ ಪರದೆಯ ಮೇಲೆ ಒಂದು ಪಟ್ಟಿ ಬರುತ್ತದೆ. ನೀವು ಏನು ಆರಿಸಿಕೊಂಡಿರಿ, ಲೋಕದ ಉಳಿದ ಆಟಗಾರರಲ್ಲಿ ಶೇಕಡ ಎಷ್ಟು ಜನ ಅದನ್ನೇ ಆರಿಸಿದರು ಎಂಬ ಲೆಕ್ಕ. ವಿದ್ಯಾರ್ಥಿಗಳು ಅದನ್ನು ರಿಸಲ್ಟ್ ಶೀಟ್ ನೋಡಿದ ಹಾಗೆ ನೋಡುತ್ತಾರೆ, ನಾವು ಬಹುಮತದಲ್ಲಿ ಇದ್ದೀವಾ ಅಂತ. ಆದರೆ ಆ ಪಟ್ಟಿ ಯಾರನ್ನೂ ಪಾಸು ಮಾಡುವುದಿಲ್ಲ, ಫೇಲೂ ಮಾಡುವುದಿಲ್ಲ. ಮಗುವಿನ ಎದುರು ಹೇಗೆ ಬದುಕಬೇಕೆಂಬುದಕ್ಕೆ ಬಹುಮತದ ಉತ್ತರ ಇಲ್ಲ ಎಂಬುದು ಅದನ್ನು ನೋಡಿದಾಗ ಇನ್ನೂ ಚೆನ್ನಾಗಿ ತಿಳಿಯುತ್ತದೆ.

ಕೊರತೆಗಳಿದ್ದೂ ಇದನ್ನು ಆಡಿ ಅಂತ ನಮ್ಮ ಕಾಲೇಜು ಹುಡುಗ ಹುಡುಗಿಯರಿಗೆ ಹೇಳುತ್ತೇನೆ. ಶಿಕ್ಷಕರಾಗಲು ಹೊರಟವರಿಗೆ ಇನ್ನೂ ಒತ್ತಿ ಹೇಳುತ್ತೇನೆ. 2020ರಲ್ಲಿ ಮೊದಲ ಕಂತನ್ನು ಉಚಿತವಾಗಿ ಕೊಟ್ಟರು, ಅಷ್ಟನ್ನು ಆಡಿದರೂ ಪೆಟ್ರೋಲ್ ಬಂಕಿನ ಪಾಠ ಸಿಗುತ್ತದೆ. ಮಕ್ಕಳು ನಮಗೆ ಅಮಾನತ್ತು ಎಂದು ನಾವು ಹೇಳುತ್ತೇವೆ. ಅಮಾನತ್ತು ಅಂದರೆ ನಂಬಿ ಕೊಟ್ಟದ್ದು, ನಮ್ಮ ಸ್ವತ್ತಲ್ಲ. ಕಾಪಾಡುವುದು, ಕಲಿಸುವುದು ನಮ್ಮ ಪಾಲಿನ ಕೆಲಸ. ಕಲಿತ ಮೇಲೆ ಯಾವ ದಿಕ್ಕಿಗೆ ಹೆಜ್ಜೆ ಇಡಬೇಕು ಎಂಬುದು ಅವರ ಪಾಲಿನದು. ಮಾತಿಗೆ ಸುಲಭವಾದ ಈ ಸಂಗತಿ ಆಚರಣೆಯಲ್ಲಿ ಎಷ್ಟು ನೋಯಿಸುತ್ತದೆ ಎಂದು ತಿಳಿಯಬೇಕಾದರೆ, ಒಮ್ಮೆ ಶಾನ್ ಆಗಿ ಆ ಗಡಿಯ ತನಕ ನಡೆದು ನೋಡಬೇಕು.